ಬೀ ಜುವೇನಾ ಅವರ ಮರದ ಮೇಕೆ

ಒಂಬತ್ತು ವರ್ಷದವಳಿದ್ದಾಗ ನಾನೊಂದು ಮದುವೆ ತಪ್ಪಿಸಿದೆ. ಬೇಕೆಂದು ಮಾಡಿದ್ದಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟೆ, ಅಷ್ಟೇ. ಉತ್ತರ ಸರಿಯಾಗಿದ್ದದ್ದೇ ತಪ್ಪಾಯಿತು. ಅದಕ್ಕಾಗಿ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ ಅಂದರೆ ಕಲ್ಲೆದೆಯವಳು ಅಂದುಕೊಳ್ಳಬೇಡಿ, ಮೊದಲು ಆ ಮನೆಯ ಕಥೆ ಕೇಳಿ. ಮನೆ ಅಂದರೆ ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಅಪಾರ್ಟ್‌ಮೆಂಟ್. ಅಪ್ಪ ಟೆಲಿಕಾಂ ಇಂಜಿನಿಯರ್, ಅಮ್ಮನಿಗೆ ಕ್ಯಾಂಪಸ್ಸಿನ ಒಂದು ಲ್ಯಾಬಿನಲ್ಲಿ ಕೆಲಸ. ಎರಡು ಬೆಡ್‌ರೂಮು, ಯಾವ ಸಾರು ಚೆಲ್ಲಿದರೂ ಲೆಕ್ಕವಿಡುವ ಬಿಳಿ ಕಾರ್ಪೆಟ್ಟು, ಒಬ್ಬರು ನಿಂತರೆ ಇನ್ನೊಬ್ಬರು ಫ್ರಿಜ್ ಬಾಗಿಲು ತೆಗೆಯಲಾಗದ ಅಡುಗೆಮನೆ. ಆ ಅಡುಗೆಮನೆಯ ಗೋಡೆಯಾಚೆಗೆ ಪಕ್ಕದವರ ಅಡುಗೆಮನೆ. ಗೋಡೆ ಎಷ್ಟು ತೆಳುವೆಂದರೆ ಅವರ ಮೈಕ್ರೋವೇವ್ ಕೂಗಿದರೆ ಅಪ್ಪ ಎದ್ದು ಹೋಗಿ ನಮ್ಮದರ ಬಾಗಿಲು ತೆಗೆದು ನೋಡುತ್ತಿದ್ದರು.

ಅಲ್ಲಿಗೆ ಬಂದ ಮೊದಲ ವಾರವೇ ಗೋಡೆಯಾಚೆಯಿಂದ ಕರ್ರ್ ಕರ್ರ್ ಎಂದು ಸದ್ದು ಬಂತು. ಅಮ್ಮ ಒಲೆ ಆರಿಸಿ ಕಿವಿಗೊಟ್ಟಳು. ಅಮ್ಮ ಕುಂದಾಪುರದವಳು, ಅಪ್ಪ ಧಾರವಾಡದವರು. ಇಬ್ಬರೂ ಅವರವರ ಕನ್ನಡದಲ್ಲೇ ಮಾತಾಡುತ್ತಿದ್ದರು, ಜಗಳವನ್ನೂ ಹಾಗೆಯೇ ಆಡುತ್ತಿದ್ದರು.

"ಹ್ವಾಯ್, ಯಾರೋ ಕಾಯಿ ಹೆರೀತಿದ್ರ್ ಕಾಣಿ."

"ಇಲ್ಲೆ ಯಾರ್ ಕಾಯಿ ತುರೀತಾರ? ಫ್ರಿಜ್ ಸಪ್ಪಳ ಇರ್ಬೇಕ್ ಬಿಡು."

ಅಮ್ಮ ಬಿಡಲಿಲ್ಲ. ನನ್ನ ಕೈ ಹಿಡಿದುಕೊಂಡು ಹೋಗಿ ಪಕ್ಕದ ಬಾಗಿಲು ತಟ್ಟಿದಳು. ಬಾಗಿಲು ತೆಗೆದವರು ಐವತ್ತು ದಾಟಿದ ಒಬ್ಬ ಎತ್ತರದ ಹೆಂಗಸು. ಸೊಂಟಕ್ಕೆ ಹೂಬಣ್ಣದ ಹತ್ತಿ ಬಟ್ಟೆ, ತಲೆಗೆ ಇನ್ನೊಂದು ಅಂಥದೇ ಬಟ್ಟೆ, ಮುಂಗೈ ತುಂಬ ಕಾಯಿತುರಿ. ಅವರ ಹಿಂದೆ ನೆಲದ ಮೇಲೆ, ನಮ್ಮೂರಿನ ಹೆರೆಮಣೆ. ಕೂರಲು ಗಿಡ್ಡ ಮರದ ಮಣೆ, ಮುಂದಕ್ಕೆ ಚಾಚಿದ ಹಲ್ಲಿನ ಕಬ್ಬಿಣದ ನಾಲಿಗೆ. ಅಮ್ಮ ಹೆಸರು ಹೇಳುವುದನ್ನೂ ಮರೆತು ಅದನ್ನೇ ನೋಡುತ್ತ ನಿಂತಳು. ಆಮೇಲೆ, ಒಂದು ಸಲ ಕೂರಲೇ ಎಂದು ಸನ್ನೆಯಲ್ಲಿ ಕೇಳಿ, ಪರಿಚಯವಿಲ್ಲದವರ ಮನೆಯಲ್ಲಿ ಮಣೆಯ ಮೇಲೆ ಕೂತು ಅರ್ಧ ಕಾಯಿ ಹೆರೆದು ಮುಗಿಸಿದಳು. ಡಬ್ಬಿಯ ಹೆಪ್ಪುಗಟ್ಟಿದ ಕಾಯಿತುರಿ ಬಳಸಿ ಬಳಸಿ ಅವಳಿಗೆ ಕೈಯೇ ಬೇಸತ್ತಿತ್ತು. ಹಾಗೆ ನಮಗೆ ಬೀ ಜುವೇನಾ ಸಿಕ್ಕಿದರು.

'ಬೀ' ಅನ್ನುವುದು ಅವರ ಮಾತಿನಲ್ಲಿ ಹಿರಿಯ ಹೆಂಗಸರಿಗೆ ಕೊಡುವ ಮರ್ಯಾದೆ. ಅವರ ಮಾತು ಸ್ವಾಹಿಲಿ, ದೇಶ ಒಮಾನ್. ಈ ಎರಡು ಒಟ್ಟಿಗೆ ಹೇಗೆ ಬಂದವು ಎಂದು ನನಗೆ ಅರ್ಥವಾಗಲು ಒಂದೆರಡು ವರ್ಷವೇ ಹಿಡಿಯಿತು. ಅವರ ಅಜ್ಜನ ಅಜ್ಜ ಒಮಾನಿನಿಂದ ಹಡಗು ಹತ್ತಿ ಜಾಂಜಿಬಾರ್ ದ್ವೀಪಕ್ಕೆ ಹೋದವರು. ಅಲ್ಲೇ ಮನೆ, ಮಕ್ಕಳು, ಲವಂಗದ ತೋಟ. ಬೀ ಚಿಕ್ಕವರಿದ್ದಾಗ ಅಲ್ಲಿ ದಂಗೆಯಾಗಿ, ನೀವು ಅರಬ್ಬರು, ನಿಮ್ಮ ದೇಶಕ್ಕೆ ಹೋಗಿ ಎಂದರು. ಅಲ್ಲಿ ಇಲ್ಲಿ ಅಲೆದು, ಕೊನೆಗೆ ಮಸ್ಕತ್ ತಲುಪಿದರೆ ಅಲ್ಲಿನವರು, ಇವರು ಜಾಂಜಿಬಾರಿನವರು, ಅರಬ್ಬಿ ಉಚ್ಚಾರವೇ ಬರುವುದಿಲ್ಲ ಎಂದರು. ಬೀ ಇದನ್ನೆಲ್ಲ ಗೋಳಾಡಿಕೊಂಡು ಹೇಳುತ್ತಿರಲಿಲ್ಲ. ಮೀನು ತೊಳೆಯುತ್ತ, ನಡುನಡುವೆ ನಗುತ್ತ ಹೇಳುತ್ತಿದ್ದರು. ಅವರ ಮಗ ನಾಸರ್ ಕ್ಯಾಂಪಸ್ಸಿನಲ್ಲಿ ಸಮುದ್ರದ ಬಗ್ಗೆ ಸಂಶೋಧನೆ ಮಾಡುತ್ತಿದ್ದ. ಬೀ ಆರು ತಿಂಗಳು ಅವನ ಜೊತೆ, ಆರು ತಿಂಗಳು ಮಸ್ಕತ್ತಿನಲ್ಲಿ. ನಾಸರ್ ಸ್ವಾಹಿಲಿ ಅರ್ಥ ಮಾಡಿಕೊಳ್ಳುತ್ತಿದ್ದ, ಆಡುತ್ತಿರಲಿಲ್ಲ. ತಾಯಿ ಏನೇ ಕೇಳಿದರೂ ಅವನ ಉತ್ತರ ಇಂಗ್ಲಿಷಿನಲ್ಲಿ ಇಲ್ಲವೇ ಅರಬ್ಬಿಯಲ್ಲಿ. ಅದರಲ್ಲಿ ನನಗೆ ಹೊಸತೇನೂ ಕಾಣಲಿಲ್ಲ, ನಾನೂ ನಮ್ಮ ಮನೆಯಲ್ಲಿ ಅದನ್ನೇ ಮಾಡುತ್ತಿದ್ದೆ.

ಸ್ಕೂಲು ಬಿಟ್ಟ ಮೇಲೆ ಅಮ್ಮ ಬರುವ ತನಕ ನಾನು ಬೀ ಮನೆಯಲ್ಲಿ. ಅವರು ನನ್ನ ಹತ್ತಿರ ಸ್ವಾಹಿಲಿ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಮನೆಯಲ್ಲಿ ಆ ಮಾತು ಕೇಳುವವರು ಬೇರೆ ಯಾರಿದ್ದರು? ನಾನು ಅನ್ನ, ಮೀನು, ಚಮಚ, ಬಾ, ಕೂರು ಎಲ್ಲ ಕಲಿತೆ. ಎಲ್ಲಕ್ಕಿಂತ ಇಷ್ಟವಾದದ್ದು ಹೆರೆಮಣೆಯ ಹೆಸರು. ಅವರ ಮಾತಿನಲ್ಲಿ ಅದು 'ಮ್ಬುಜಿ', ಅಂದರೆ ಮೇಕೆ. ನಿಜವಾದ ಮೇಕೆಗೂ ಅದೇ ಹೆಸರು, ಕಾಯಿ ತುರಿಯುವ ಮಣೆಗೂ ಅದೇ. ಸರಿಯೇ ಅಲ್ಲವೇ, ನಾಲ್ಕು ಕಾಲಿದೆ, ಕತ್ತು ಚಾಚಿ ಏನಾದರೂ ಮೇಯುತ್ತಲೇ ಇರುತ್ತದೆ. ನಾನು ಅದರ ಮೇಲೆ ಸವಾರಿ ಮಾಡುತ್ತಿದ್ದೆ, ಹಸಿವಾಯಿತಾ ಎಂದು ಕೇಳಿ ಕಾಯಿಯ ನಾರು ತಿನ್ನಿಸುತ್ತಿದ್ದೆ. ಇಂಗ್ಲಿಷಿನಲ್ಲಿ ಹೇಳಬೇಕಾದಾಗ ನೇರವಾಗಿ ಗೋಟ್ ಎನ್ನುತ್ತಿದ್ದೆ. ಅಮ್ಮನೂ ಅಷ್ಟೇ. ಶನಿವಾರ ಬೆಳಿಗ್ಗೆ "ಬೀ ಹತ್ರ ಹೋಯಿ ಮೇಕೆ ತಕಂಡ್ ಬಾ" ಎಂದರೆ ನಮ್ಮಲ್ಲಿ ಯಾರಿಗೂ ಅದು ವಿಚಿತ್ರವಾಗಿ ಕೇಳಿಸುತ್ತಿರಲಿಲ್ಲ.

ಇನ್ನೊಂದು ಮಾತು 'ಕ್ವೇತು'. ಇಂಗ್ಲಿಷಿಗೆ ಅದನ್ನು ತರುವುದು ಕಷ್ಟ, ಕನ್ನಡದಲ್ಲಿ ಸಲೀಸು: ನಮ್ಮಲ್ಲಿ. ನಮ್ಮ ಮನೆಯಲ್ಲಿ, ನಮ್ಮ ಊರಿನಲ್ಲಿ, ನಮ್ಮ ಜನರಲ್ಲಿ, ಎಲ್ಲವೂ ಅದರಲ್ಲೇ ಬಂತು. ಬೀ ದಿನಕ್ಕೆ ಇಪ್ಪತ್ತು ಸಲ ಅನ್ನುತ್ತಿದ್ದರು. ನಮ್ಮಲ್ಲಿ ಅನ್ನಕ್ಕೆ ಕಾಯಿಹಾಲು ಹಾಕುತ್ತಾರೆ, ನಮ್ಮಲ್ಲಿ ನೆಂಟರು ಬಾಗಿಲಲ್ಲಿ ನಿಂತು ಮಾತಾಡುವುದಿಲ್ಲ. ಆದರೆ ಮಸ್ಕತ್ತಿಗೆ ಫೋನು ಮಾಡಿದಾಗ ಅವರ ದನಿಯೇ ಕುಗ್ಗುತ್ತಿತ್ತು. ಅರಬ್ಬಿಯಲ್ಲಿ ಒಂದೊಂದು ಮಾತನ್ನೂ ತೂಗಿ ಆಡುತ್ತಿದ್ದರು. ಸಂಬಂಧಿಕರು ಬಿಟ್ಟು ಬೇರೆಯವರು ಆ ಕಡೆ ಇದ್ದರಂತೂ ಹೂಂ, ಉಹೂಂ ಎರಡರಲ್ಲೇ ಮುಗಿಸುತ್ತಿದ್ದರು. ನ್ಯೂಯಾರ್ಕಿನ ಜೋಡಿ ಗೋಪುರಗಳು ಬಿದ್ದ ಆ ಸೆಪ್ಟೆಂಬರಿನಲ್ಲಿ ನಾಸರ್ ಹೆದರಿ, ಯಾರಾದರೂ ಕೇಳಿದರೆ ಒಮಾನ್ ಅನ್ನಬೇಡ, ಆಫ್ರಿಕಾ ಅನ್ನು, ಜಾಂಜಿಬಾರ್ ಅನ್ನು ಎಂದು ತಾಕೀತು ಮಾಡಿದ. ಬೀ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅಮ್ಮನಿಗೆ ತಮ್ಮ ಹರಕು ಇಂಗ್ಲಿಷಿನಲ್ಲಿ ಹೇಳಿದರು:

"ಇಷ್ಟು ವರ್ಷ ಯಾವ ಊರಿನ ಹೆಸರು ಬಾಯಿಗೆ ತರಬೇಡ ಅಂತಿದ್ನೋ, ಈಗ ಅದನ್ನೇ ಹೇಳ್ಬೇಕಂತೆ, ಲಲಿತಾ."

ಮರುದಿನ ಕೆಳಗಿನ ಲಾಂಡ್ರಿ ರೂಮಿನಲ್ಲಿ ಒಬ್ಬ ಮುದುಕ, ಎಲ್ಲಿಯವರು ಎಂದು ಕೇಳಿದ. ಬೀ ಬೆನ್ನು ನೆಟ್ಟಗೆ ಮಾಡಿ, ಜಾಂಜಿಬಾರ್ ಎಂದರು. ಅದು ಎಲ್ಲಿದೆ ಎಂದೂ ಅವನಿಗೆ ಗೊತ್ತಿರಲಿಲ್ಲ. ಆದರೆ ಆ ದಿನ ಬಟ್ಟೆ ಮಡಿಚುತ್ತ ಬೀ ಹಾಡು ಗುನುಗಿದ್ದು ನನಗೆ ನೆನಪಿದೆ.

ಕುಗ್ಗುವ ದನಿ ನಮ್ಮ ಮನೆಯಲ್ಲೂ ಇತ್ತು. ಅಪ್ಪನ ಅಕ್ಕ ಸುಮಿತ್ರಾ ಅತ್ತೆ ಲಾಸ್ ಏಂಜಲೀಸ್ ಕಡೆ ಡೈಮಂಡ್ ಬಾರ್‌ನಲ್ಲಿದ್ದರು. ಗುಡ್ಡದ ಮೇಲೆ ದೊಡ್ಡ ಮನೆ, ಹಬ್ಬ ಅಂದರೆ ಧಾರವಾಡ, ಹುಬ್ಬಳ್ಳಿ, ಬಾಗಲಕೋಟೆಯ ಇಂಜಿನಿಯರುಗಳೆಲ್ಲ ಅಲ್ಲಿ. ಅತ್ತೆ ಒಳ್ಳೆಯವರು, ಕೈಯೂ ದೊಡ್ಡದು, ಬಾಯಿಯೂ ದೊಡ್ಡದು.

"ಲಲಿತಾ, ಅದೇನ್ ಹಾಡಿದಂಗ ಮಾತಾಡ್ತೀ? ಹುಡುಗಿಗೆ ಚಲೋ ಕನ್ನಡ ಕಲಸು. ನಮ್ಮಲ್ಲಿ ಹಿಂಗ ಮಾತಾಡಂಗಿಲ್ಲ."

ಎಲ್ಲರೂ ನಗುತ್ತಿದ್ದರು, ಅಮ್ಮನೂ ನಗುತ್ತಿದ್ದಳು. ಆದರೆ ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋಗುವಾಗ, ನಡುದಾರಿಯ ಟೆಮೆಕ್ಯುಲಾ ಗುಡ್ಡಗಳನ್ನು ದಾಟುವಷ್ಟರಲ್ಲಿ, ಕಾರಿನಲ್ಲೇ ಅವಳ ಕನ್ನಡ ಬದಲಾಗುತ್ತಿತ್ತು. 'ಎಂತ' ಹೋಗಿ 'ಏನು' ಬರುತ್ತಿತ್ತು. ಮಾತು ಕಡಿಮೆಯಾಗುತ್ತಿತ್ತು. ವಾಪಸು ಬರುವಾಗ ಅದೇ ಗುಡ್ಡಗಳ ಹತ್ತಿರ 'ಎಂತ' ಮತ್ತೆ ಕಾರು ಹತ್ತಿಕೊಳ್ಳುತ್ತಿತ್ತು. ನಾನು ಅತ್ತೆ ಮನೆಯಲ್ಲಿ ಬರೀ ಇಂಗ್ಲಿಷ್ ಆಡುತ್ತಿದ್ದೆ. ಮಗುವಿಗೆ ಕನ್ನಡ ಬರುವುದಿಲ್ಲ ಎಂದು ಎಲ್ಲರೂ ಮರುಗುತ್ತಿದ್ದರು. ಬರುತ್ತಿತ್ತು, ಯಾವುದನ್ನು ಆಡಬೇಕೆಂದು ಗೊತ್ತಿರಲಿಲ್ಲ.

ಹೀಗಿರುವಾಗ ನಾಸರ್‌ಗೆ ಒಂದು ಹೆಣ್ಣು ಗೊತ್ತಾಗುವ ಹಂತಕ್ಕೆ ಬಂತು. ಒಮಾನಿನ ಒಳನಾಡಿನ ನಿಜ್ವಾ ಕಡೆಯ ಹಳೆಯ ಮನೆತನ. ಹುಡುಗಿಯ ಅಣ್ಣ ಖಾಲಿದ್ ಲಾಸ್ ಏಂಜಲೀಸ್ ಹತ್ತಿರ ಬರ್ಬ್ಯಾಂಕಿನ ಒಂದು ಸಿನಿಮಾ ಸ್ಟುಡಿಯೋದಲ್ಲಿ ಸೌಂಡ್ ಕೆಲಸ ಮಾಡುತ್ತಿದ್ದ. ಅವನನ್ನು ನೋಡಲು ಬಂದ ತಾಯಿ, ಹಾಗೆಯೇ ಹುಡುಗನ ಮನೆಯನ್ನೂ ನೋಡಿ ಹೋಗುತ್ತೇನೆ ಎಂದರು. ನಾಸರ್ ಹುಡುಗಿಯ ಜೊತೆ ವರ್ಷದಿಂದ ಫೋನಿನಲ್ಲಿ ಮಾತಾಡುತ್ತಿದ್ದ, ಅವಳ ಮೇಲೆ ಜೀವ ಇಟ್ಟಿದ್ದ. ಆದರೆ ಹುಡುಗಿಯ ಮನೆಯವರ ಮುಂದೆ ತಾವು ಮಸ್ಕತ್ತಿನವರು ಎಂದಷ್ಟೇ ಹೇಳಿ ಜಾಂಜಿಬಾರಿನ ಸುದ್ದಿ ಎತ್ತಿರಲಿಲ್ಲ. ಒಂದು ವಾರ ಮೊದಲೇ ಬೀ ಮನೆ ಒಪ್ಪವಾಗತೊಡಗಿತು. ಹೂಬಣ್ಣದ ಬಟ್ಟೆಗಳು ಸೂಟ್‌ಕೇಸಿಗೆ ಹೋದವು. ಲವಂಗದ ತೋಟದ ಫೋಟೋ ಗೋಡೆಯಿಂದ ಇಳಿಯಿತು. ಕೊನೆಗೆ ಬೀ ಮಣೆಯನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು. ಮಸ್ಕತ್ತಿನಲ್ಲಿ ಯಾರ ಅಡುಗೆಮನೆಯಲ್ಲಿ ಇದು ಇರುತ್ತದೋ ಅವರು ಎಲ್ಲಿಂದ ಬಂದವರು ಎಂದು ಕೇಳಬೇಕಾಗಿಯೇ ಇಲ್ಲ.

"ನೆಂಟರು ಹೋಗೋ ತನಕ ನನ್ನ ಮೇಕೆ ನಿಮ್ಮಲ್ಲಿರಲಿ, ಲಲಿತಾ."

ಅಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಚ್ಚಿಡುವುದು ಎಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಬಚ್ಚಿಟ್ಟದ್ದನ್ನು ಬಳಸಬೇಡ ಎಂದು ಬೀ ಹೇಳಲು ಮರೆತರು.

ಶನಿವಾರ ಮಧ್ಯಾಹ್ನ ಖಾಲಿದ್ ಮತ್ತು ಅವನ ತಾಯಿ ಬಂದರು. ಮನೆಯಲ್ಲಿ ಮಗುವೊಂದು ಓಡಾಡಿಕೊಂಡಿದ್ದರೆ ಚೆನ್ನ ಎಂದು ಬೀ ನನ್ನನ್ನು ಕರೆಸಿಕೊಂಡಿದ್ದರು. ಖರ್ಜೂರದ ತಟ್ಟೆ ಹಿಡಿಯುವುದು ನನ್ನ ಕೆಲಸ. ಖಾಲಿದನ ತಾಯಿ ತೆಳ್ಳಗೆ, ಮೃದು ಮಾತಿನವರು. ನನ್ನ ಜಡೆ ಮುಟ್ಟಿ ನೋಡಿ ಮೆಚ್ಚಿದರು. ಊಟಕ್ಕೆ ಕುರಿಮಾಂಸ ಹಾಕಿದ ಅನ್ನ, ಏಲಕ್ಕಿ, ಒಣ ನಿಂಬೆಯ ಘಮ. ಕಾಯಿ ಇರಲಿಲ್ಲ. ಬೀ ಅರಬ್ಬಿಯಲ್ಲಿ ಹೂಂ, ಉಹೂಂ ಅನ್ನುತ್ತಿದ್ದರು, ಉಳಿದದ್ದನ್ನು ನಾಸರ್ ತುಂಬುತ್ತಿದ್ದ. ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಆಗ ಗೋಡೆಯಾಚೆಯಿಂದ ಕರ್ರ್ ಕರ್ರ್ ಶುರುವಾಯಿತು. ಬೀ ಮನೆಗೆ ನೆಂಟರು ಬಂದಿದ್ದಾರೆ, ಏನಾದರೂ ಸಿಹಿ ಮಾಡಿ ಕಳಿಸುವಾ ಎಂದು ಅಮ್ಮ ಕಾಯಿ ಬರ್ಫಿಗೆ ಕೂತಿದ್ದಳು, ಪಾಪ.

ಸೌಂಡ್ ಕೆಲಸದವನಾದ ಖಾಲಿದ್ ಮೊದಲು ತಲೆ ಎತ್ತಿದ. ಅದೇನು ಸದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದ. ನನಗೆ ಉತ್ತರ ಗೊತ್ತಿತ್ತು.

"ಅದು ಬೀ ಅವರ ಮೇಕೆ," ಎಂದೆ. "ಈ ವಾರ ನಮ್ಮ ಮನೇಲಿ ಬಚ್ಚಿಟ್ಟಿದ್ದಾರೆ."

ಖಾಲಿದ್ ಅದನ್ನು ತಾಯಿಗೆ ಅರಬ್ಬಿಯಲ್ಲಿ ಹೇಳಿದ. ಆಕೆ ಗಾಬರಿಯಾಗಿ ಎರಡೂ ಕೈ ಎತ್ತಿ ಏನೋ ಅಂದರು. ಆಮೇಲೆ ಬೀ ನನಗೆ ಬಿಡಿಸಿ ಹೇಳಿದ್ದು ಇದು: ನಮಗೋಸ್ಕರ ಮೇಕೆ ಕಡಿಯುವುದೇನೂ ಬೇಡ, ಊಟ ಈಗಲೇ ಹೆಚ್ಚಾಗಿದೆ, ಪಾಪ ಅದನ್ನು ಬಿಟ್ಟುಬಿಡಿ. ನೆಂಟರಿಗೆಂದು ಮೇಕೆ ತರಿಸಿ, ಅಪಾರ್ಟ್‌ಮೆಂಟಿನವರಿಗೆ ಹೆದರಿ ಪಕ್ಕದ ಮನೆಯಲ್ಲಿ ಕಟ್ಟಿದ್ದಾರೆಂದು ಆಕೆ ತಿಳಿದಿದ್ದರು. ನಾಸರ್ ಬದುಕಿದೆಯಾ ಬಡಜೀವವೇ ಎಂಬಂತೆ ನಗತೊಡಗಿದ. ಕಥೆ ಅಲ್ಲಿಗೇ ನಿಂತಿದ್ದರೆ ಮದುವೆ ಆಗಿಬಿಡುತ್ತಿತ್ತು. ಆದರೆ ನನಗೆ ಚಿಕ್ಕಂದಿನಿಂದಲೂ ಯಾರಾದರೂ ತಪ್ಪು ತಿಳಿದರೆ ತಡೆಯುವುದಿಲ್ಲ. ತಟ್ಟೆ ಕೆಳಗಿಟ್ಟು, ಕಾರ್ಪೆಟ್ಟಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈಯಲ್ಲಿ ಇಲ್ಲದ ಕಾಯಿಹೋಳು ಹಿಡಿದು ತಿರುಗಿಸಿ ತೋರಿಸಿದೆ.

"ಇಲ್ಲ, ಮರದ ಮೇಕೆ. ಹೀಗೆ ಅದರ ಮೇಲೆ ಕೂರೋದು."

ಆಕೆಗೆ ಈಗ ಅನುವಾದ ಬೇಕಾಗಲಿಲ್ಲ. ಲೋಟ ಕೆಳಗಿಟ್ಟರು. ಸಿಟ್ಟಿನಿಂದಲ್ಲ, ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಖಾಲಿದ್ ನೆಲ ನೋಡುತ್ತ ಕೂತ. ಫೋನಿನಲ್ಲಿ ಮೊದಲ ಸಲ ನಿಮ್ಮ ದನಿ ಕೇಳಿದಾಗಲೇ ನೀವು ಜಾಂಜಿಬಾರಿನವರೆಂದು ನನಗೆ ಗೊತ್ತಾಗಿತ್ತು ಎಂದರಂತೆ. ಹುಡುಗ ಒಳ್ಳೆಯವನು, ಅದು ದೊಡ್ಡ ವಿಷಯವಲ್ಲ. ಒಂದೇ ಒಂದು ಮಾತು ಕೊಡಿ. ನಮ್ಮಲ್ಲಿ ಮಕ್ಕಳ ಕಿವಿಗೆ ಮೊದಲು ಬೀಳುವುದು ಅರಬ್ಬಿ. ನನ್ನ ಮೊಮ್ಮಕ್ಕಳ ಹತ್ತಿರ ನೀವು ಆ ಇನ್ನೊಂದು ಮಾತು ಆಡಬಾರದು. ನಾಸರ್ ತಕ್ಷಣ, ಖಂಡಿತ, ಅದಕ್ಕೇನು ಎಂದ. ಬೀ ಎದ್ದು ಹೊರಗೆ ಹೋದರು. ನಮ್ಮ ಮನೆಯ ಬಾಗಿಲು ತಟ್ಟಿದ್ದು ಕೇಳಿಸಿತು, ಕರ್ರ್ ಕರ್ರ್ ನಿಂತಿತು.

ಮಣೆಯನ್ನು ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ಅರ್ಧ ಹೆರೆದ ಕಾಯಿ ಹಿಡಿದು ಬೀ ವಾಪಸು ಬಂದರು. ನೆಂಟರ ಮುಂದೆ, ಕಾರ್ಪೆಟ್ಟಿನ ನಡುವೆ ಇಟ್ಟು, ರೇಷ್ಮೆಯ ನಿಲುವಂಗಿ ಮಂಡಿಗೆ ಸಿಕ್ಕಿಸಿ ಕೂತರು. ಹೋಳು ಪೂರ್ತಿ ಹೆರೆದು ಮುಗಿಸಿದರು. ತುರಿಯನ್ನು ಬಟ್ಟಲಿಗೆ ತುಂಬಿ, ಸಕ್ಕರೆ ಹಾಕಿ, ಖಾಲಿದನ ತಾಯಿಯ ಕೈಗೆ ಕೊಟ್ಟು ಅರಬ್ಬಿಯಲ್ಲಿ ಮಾತಾಡಿದರು. ಉಚ್ಚಾರ ಕೆಟ್ಟರೆ ಕೆಡಲಿ ಎಂಬಂತೆ, ತೂಗದೆ, ನಮ್ಮ ಹತ್ತಿರ ಆಡುವ ದೊಡ್ಡ ದನಿಯಲ್ಲೇ ಆಡಿದರು. ಆ ಮಾತನ್ನು ಅವರು ಎಷ್ಟು ಸಲ ಹೇಳಿದರೂ ನಾನು ಮತ್ತೆ ಕೇಳುತ್ತಿದ್ದೆ:

"ನಮ್ಮಲ್ಲಿ ಕಾಯಿ ಇಲ್ಲದೆ ಅಡುಗೆ ಇಲ್ಲ. ನಮ್ಮಲ್ಲಿ ಅಜ್ಜಿ ಯಾವ ಮಾತಲ್ಲಿ ನಗ್ತಾಳೋ ಅದೇ ಮಾತಲ್ಲಿ ಮೊಮ್ಮಕ್ಕಳನ್ನ ಕರೀತಾಳೆ. ಬೇರೆ ಮಾತು ಕೊಟ್ಟರೆ ನಾನು ಸುಳ್ಳು ಹೇಳಿದ ಹಾಗಾಗ್ತದೆ."

ಅರಬ್ಬಿಯಲ್ಲಿ 'ನಮ್ಮಲ್ಲಿ' ಎನ್ನುವ ಮಾತನ್ನು, ತಮ್ಮವರು ಎಂಬ ಅರ್ಥದಲ್ಲಿ, ಅವರು ಬಾಯಿಬಿಟ್ಟು ಆಡಿದ್ದು ಅದೇ ಮೊದಲಂತೆ. ಖಾಲಿದನ ತಾಯಿ ಎರಡು ಚಮಚ ತಿಂದರು, ಚೆನ್ನಾಗಿದೆ ಎಂದರು, ಬೀ ಕೆನ್ನೆಗೆ ಕೆನ್ನೆ ತಾಗಿಸಿ ಬೀಳ್ಕೊಂಡರು. ಎರಡು ವಾರದ ಮೇಲೆ ಖಾಲಿದ್ ಫೋನು ಮಾಡಿ, ಹುಡುಗಿ ಇನ್ನೂ ಓದಬೇಕಂತೆ ಎಂದ. ಆ ಮಾತಿನ ಅರ್ಥ ಮಸ್ಕತ್ತಿನಲ್ಲೂ ಕುಂದಾಪುರದಲ್ಲೂ ಒಂದೇ. ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅಳುತ್ತ ಕೂತೆ. ಬೀ ಹೊರಗೆ ನಿಂತು, ನೀನು ಸುಳ್ಳು ಹೇಳಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಬಾ, ತಿಂಡಿ ಆರುತ್ತದೆ ಎಂದರು.

ಆ ವರ್ಷದ ದೀಪಾವಳಿಗೆ ಡೈಮಂಡ್ ಬಾರ್‌ಗೆ ಹೋದೆವು. ಟೆಮೆಕ್ಯುಲಾ ಬಂತು, ಹೋಯಿತು, ಅಮ್ಮನ 'ಎಂತ' ಕಾರಿನಿಂದ ಇಳಿಯಲಿಲ್ಲ. ಊಟದ ಹೊತ್ತಿಗೆ ಅತ್ತೆ ಯಥಾಪ್ರಕಾರ, ನಮ್ಮಲ್ಲಿ ಹಿಂಗ ಮಾತಾಡಂಗಿಲ್ಲ ಲಲಿತಾ ಎಂದರು. ಅಮ್ಮ ಎಲೆಯಿಂದ ತಲೆ ಎತ್ತಿದಳು.

"ನಮ್ಮಲ್ಲ್ ಮಾತಾಡುದೇ ಹೀಂಗೆ, ಅತ್ತಿಗೆ."

ಅತ್ತೆಯ ಕೈಯಲ್ಲಿ ಶೇಂಗಾ ಹೋಳಿಗೆ ಹಾಗೇ ನಿಂತಿತು. ಆಮೇಲೆ, ಆತು ಬಿಡವಾ, ಹಂಗಾರ ಹಂಗ ಎಂದು ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದರು. ನಾನು ಆ ದಿನ ಅಲ್ಲಿ ಮೊದಲ ಸಲ ಕನ್ನಡದಲ್ಲಿ ತುಪ್ಪ ಕೇಳಿದೆ, ಅಮ್ಮನ ಕನ್ನಡದಲ್ಲಿ. ನಾಲ್ಕು ವರ್ಷದ ಮೇಲೆ ನಾವು ಎಲ್ಲ ಕಟ್ಟಿಕೊಂಡು ಕುಂದಾಪುರಕ್ಕೇ ಬಂದಾಗ, ಅಲ್ಲಿನ ಶಾಲೆಯ ಮಕ್ಕಳು ನನ್ನನ್ನು ಅಮೆರಿಕ ಎಂದೇ ಕರೆದರು. ನನ್ನ ಮಾತಿನಲ್ಲಿ ಅರ್ಧ ಧಾರವಾಡ, ಅರ್ಧ ಇಂಗ್ಲಿಷ್, ನಡುವೆ ಎಲ್ಲಿಯದೋ ಚಮಚದ ಹೆಸರು. ನಕ್ಕವರ ಜೊತೆ ನಾನೂ ನಕ್ಕೆ, ಮಾತು ಮಾತ್ರ ಬದಲಾಯಿಸಲಿಲ್ಲ. ಆ ಧೈರ್ಯವನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ.

ನೆಂಟರು ಹೋದ ಆ ಸಂಜೆಯದು ಒಂದು ಮಾತು ಉಳಿದಿದೆ. ಅಮ್ಮ ಬರ್ಫಿ ಕೊಟ್ಟು ಬಾ ಎಂದು ನನ್ನನ್ನು ಕಳಿಸಿದಳು. ಹೊರಗೆ ಇನ್ನೂ ಬಿಸಿಲಿತ್ತು. ನಾಸರ್ ಊಟದ ಮೇಜಿನ ಮುಂದೆ, ತೆಗೆಯದ ತಟ್ಟೆಗಳ ನಡುವೆ ಕೂತಿದ್ದ. ಅವನು ಮಧ್ಯಾಹ್ನ ಏನೂ ತಿಂದಿರಲಿಲ್ಲ. ಬೀ ಒಲೆಯ ಹತ್ತಿರ, ಉಳಿದ ಕಾಯಿಯ ಹಾಲು ಹಿಂಡಿ ಅನ್ನಕ್ಕೆ ಇಟ್ಟಿದ್ದರು. ಅವನು ಇಂಗ್ಲಿಷಿನಲ್ಲಿ ಕೇಳಿದ:

"ಮೂವತ್ತು ವರ್ಷ ಸಂಭಾಳಿಸಿದೆಯಲ್ಲಮ್ಮಾ. ಇನ್ನೊಂದು ಮಧ್ಯಾಹ್ನ ಸಂಭಾಳಿಸೋಕೆ ಆಗಲಿಲ್ವಾ?"

"ಮೂವತ್ತು ವರ್ಷ ಆಯ್ತಲ್ಲ ಮಗನೇ," ಎಂದರು ಬೀ ಸ್ವಾಹಿಲಿಯಲ್ಲಿ, "ಅದಕ್ಕೇ ಆಗಲಿಲ್ಲ."

ಅವನ ಮುಂದೆ ತಟ್ಟೆ ಇಟ್ಟು ಅನ್ನ ಬಡಿಸಿದರು. ನಾಸರ್ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಆಮೇಲೆ ಒಂದು ತುತ್ತು ತಿಂದು, ತಲೆ ಎತ್ತದೆಯೇ, ಉಪ್ಪು ಕೊಡು ಎಂದ. ಕೇಳಿದ್ದು ಸ್ವಾಹಿಲಿಯಲ್ಲಿ. ಆ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಬೀ ಉಪ್ಪಿನ ಡಬ್ಬಿ ಕೈಯಲ್ಲಿ ಹಿಡಿದುಕೊಂಡವರು, ಕೊಡುವುದನ್ನು ಮರೆತು ನಿಂತೇ ಇದ್ದರು.